ಬಾಗಿದ ಟ್ಯಾಬ್, ಒತ್ತದ ಮುದ್ರೆ

ಬೆಳಗಿನ ಐದೂಕಾಲು. ಕರಾವಳಿಯ ಊರು ಮಿನೆಹಾಮದ ಹಳೇ ಪ್ರಾಥಮಿಕ ಶಾಲೆಯಲ್ಲಿ ಒಂದೇ ಒಂದು ಕೋಣೆಗೆ ದೀಪವಿದೆ. ಹಿಂದೆ ಮಕ್ಕಳಿಗೆ ಅಡುಗೆ ಕಲಿಸುತ್ತಿದ್ದ ಕೋಣೆ ಅದು. ಊರಿನಲ್ಲಿ ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿ ಆರು ವರ್ಷವಾದರೂ ಒಲೆಗಳು ಇನ್ನೂ ಉರಿಯುತ್ತವೆ. ಒಂದರ ಮೇಲೆ ಕೆಟಲ್ ಕುದಿಯುತ್ತಿದೆ. ಆ ನೀರು ಚಹಾಕ್ಕಲ್ಲ. ಉನ್ನೊ ಮಿತ್ಸುಯೊ ಅದನ್ನು ರಬ್ಬರಿನ ಬಿಸಿನೀರ ಚೀಲಕ್ಕೆ ತುಂಬಿ, ಮೇಲೊಂದು ಟವೆಲ್ ಹಾಸಿ, ಅದರ ಮೇಲೆ ಶಾಲೆಯ ಟ್ಯಾಬೊಂದನ್ನು ಮಕಾಡೆ ಮಲಗಿಸುತ್ತಾರೆ. ಅಂಚಿನ ಅಂಟು ಮೆತ್ತಗಾಗಲು ಹತ್ತು ನಿಮಿಷ ಬೇಕು.

ಹತ್ತು ನಿಮಿಷದ ಮೇಲೆ ಕನ್ನಡಕ ಮೂಗಿನ ತುದಿಗೆ ಇಳಿಯುತ್ತದೆ. ಉಗುರಿನಷ್ಟು ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯನ್ನು ಗಾಜಿನ ಅಂಚಿಗೆ ತೂರಿಸಿ, ಕೂದಲೆಳೆಯಷ್ಟು ಎಬ್ಬಿಸಿ, ಮುಂದಕ್ಕೆ ಸರಿಸುತ್ತಾರೆ. ಮತ್ತೆ ಎಬ್ಬಿಸುತ್ತಾರೆ, ಮತ್ತೆ ಸರಿಸುತ್ತಾರೆ. ಮೂರು ಬದಿ ಸುಸೂತ್ರವಾಗಿ ಬಿಡುತ್ತವೆ. ನಾಲ್ಕನೆಯದು ಇನ್ನೇನು ಮುಗಿಯಿತು ಎನ್ನುವಾಗ ಗಾಜು 'ಚಟ್' ಎಂದು ಬಿರಿಯುತ್ತದೆ.

ಮಿತ್ಸುಯೊ ಬಿಲ್ಲೆಯನ್ನು ಮೇಜಿನ ಮೇಲೆ ಎಸೆಯುತ್ತಾರೆ. "ಒಂದ್ ಬೆರಳಗಲ ಇತ್ತು ಕಣ್ರೀ, ಒಂದೇ ಒಂದ್ ಬೆರಳಗಲ! ಇದನ್ನ ಮಾಡಿದೋನು ಸಿಕ್ಕಿದ್ರೆ ಇಲ್ಲೇ ಕೂರಿಸಿ, ತಗೋಪ್ಪಾ, ನೀನೇ ಬಿಚ್ಚು, ಅಂತೀನಿ. ಸಂಜೆವರೆಗೂ ಬಿಚ್ಲಿ. ಊಟಾನೂ ಕೊಡಲ್ಲ."

ಅರವತ್ತಮೂರರ ಮಿತ್ಸುಯೊ ಮಿನೆಹಾಮದ ಆರು ಪ್ರಾಥಮಿಕ ಶಾಲೆಗಳ ಟ್ಯಾಬ್ ರಿಪೇರಿಯವರು. ಸಾವಿರದ ಒಂಬೈನೂರು ಮಕ್ಕಳು, ಸಾವಿರದ ಒಂಬೈನೂರು ಟ್ಯಾಬು, ರಿಪೇರಿಗೆ ಇವರೊಬ್ಬರೇ. ಶಿಕ್ಷಣ ಮಂಡಳಿಯ ನೌಕರಿ, ಆದರೆ ಕಾಯಂ ಅಲ್ಲ. ಪ್ರತಿ ಮಾರ್ಚ್‌ನಲ್ಲಿ ಕರಾರು ಹೊಸದಾಗಬೇಕು. ಏಳಕ್ಕೆಲ್ಲ ಪುಟ್ಟ ಬಿಳಿ ವ್ಯಾನು ಹತ್ತಿ, ರಿಪೇರಿಯಾದವನ್ನು ಶಾಲೆಗಳಿಗೆ ಮುಟ್ಟಿಸಿ, ಕೆಟ್ಟವನ್ನು ಎತ್ತಿಕೊಂಡು ಬರುತ್ತಾರೆ. ದಿನಕ್ಕೆ ಏಳೆಂಟು ಬರುತ್ತವೆ, ಐದು ಸರಿಯಾಗುತ್ತವೆ. ಉಳಿದವು ಪಾತ್ರೆ ಜೋಡಿಸುತ್ತಿದ್ದ ಕಪಾಟಿನಲ್ಲಿ ಸಾಲಾಗಿ ನಿಂತು ಸರದಿ ಕಾಯುತ್ತವೆ.

ಈ ಗೋಳು ಮೊದಲು ಇರಲಿಲ್ಲ. ಐದು ವರ್ಷದ ಹಿಂದೆ ಬಂದ ಟ್ಯಾಬುಗಳು ನೋಡಲು ಚೆಂದವಿರಲಿಲ್ಲ. ಸುತ್ತ ದಪ್ಪ ರಬ್ಬರು, ಹಿಂದೆ ಎಂಟು ಸ್ಕ್ರೂ. ಬಿಚ್ಚಿ ಮುಚ್ಚಲು ಹನ್ನೆರಡು ನಿಮಿಷ ಸಾಕಿತ್ತು. ಮೂರರಿಂದ ಆರನೆಯ ತರಗತಿಯವರಿಗೆ ಎರಡು ವರ್ಷದ ಹಿಂದೆ ಬಂದವು ಆರು ಮಿಲಿಮೀಟರಿನವು. ಸ್ಕ್ರೂ ಹಿಡಿಸಲು ಅವುಗಳಲ್ಲಿ ಜಾಗವೇ ಇಲ್ಲ, ಎಲ್ಲವೂ ಅಂಟು. ಒಂದನ್ನು ಬಿಚ್ಚಲು ಐವತ್ತು ನಿಮಿಷ, ಅದೂ ಗಾಜು ದಯೆ ತೋರಿದರೆ. ಮುಂದಿನ ವಸಂತಕ್ಕೆ ಎಲ್ಲ ಮಕ್ಕಳಿಗೂ ಹೊಸ ಟ್ಯಾಬ್ ಕೊಡಲು ಮಂಡಳಿ ಮನಸ್ಸು ಮಾಡಿದ್ದು ಇನ್ನೂ ತೆಳುವಾದ, ಐದು ಮಿಲಿಮೀಟರಿನ ಮಾದರಿಯ ಮೇಲೆ.

ತೆಳುವಿನ ವಿಷಯದಲ್ಲಿ ಮಿತ್ಸುಯೊಗೆ ಪಾಠ ಹೇಳಲು ಹೋಗುವುದು ದಂಡ. ಇಪ್ಪತ್ತೇಳು ವರ್ಷ ಅವರು ಪ್ಲಾಸ್ಟಿಕ್ ಆಟಿಕೆಗಳ ಕಾರ್ಖಾನೆಯಲ್ಲಿ ದುಡಿದವರು. ಜೋಡಿಸುವ ವಿಮಾನ, ಹಡಗುಗಳ ಬಿಡಿಭಾಗ ಎಲ್ಲಿ ಮುರಿಯುತ್ತದೆ ಎಂದು ಬೆರಳಿನಲ್ಲೇ ಒತ್ತಿ ಹೇಳುವುದು ಅವರ ಕೆಲಸವಾಗಿತ್ತು. ಆ ವಿಭಾಗ ಮುಚ್ಚಿದ ಮೇಲೆ ಇಲ್ಲಿಗೆ ಬಂದರು. "ವಿಮಾನದ ರೆಕ್ಕೆ ತೆಳ್ಳಗಿದ್ರೇನೇ ಚೆಂದ, ಒಪ್ತೀನಿ. ಅದು ಕಪಾಟಲ್ಲಿ ಕೂರೋ ಸಾಮಾನು. ಇದು ಒಂಬತ್ತು ವರ್ಷದ ಮಕ್ಕಳ ಕೈಲಿ ಓಡಾಡೋ ಸಾಮಾನು. ಅಷ್ಟೂ ಗೊತ್ತಾಗಲ್ವಾ ಇವರಿಗೆ?"

ಬಾಗಿದೆಯೋ ಇಲ್ಲವೋ ನೋಡಲು ಅವರ ಬಳಿ ಯಂತ್ರವಿಲ್ಲ. ದಪ್ಪನೆಯ ಕಿಟಕಿ ಗಾಜೊಂದನ್ನು ಮೇಜಿನ ಮೇಲೆ ಹಾಸಿಕೊಂಡಿದ್ದಾರೆ. ಅದರ ಮೇಲೆ ಟ್ಯಾಬ್ ಇಟ್ಟು, ಮಕ್ಕಳು ಕುಂಚದಲ್ಲಿ ಅಕ್ಷರ ತಿದ್ದುವ ತೆಳು ಕಾಗದದ ಪಟ್ಟಿಯನ್ನು ಅಡಿಗೆ ತೂರಿಸುತ್ತಾರೆ. ಪಟ್ಟಿ ನಡುವೆ ಸಿಕ್ಕಿಕೊಂಡರೆ ಟ್ಯಾಬ್ ನೆಟ್ಟಗಿದೆ. ಆ ಕಡೆಯಿಂದ ಹೊರಬಂದರೆ ಬಾಗಿದೆ. ಹೊರಬಂದ ದಿನವೇ ಹೆಚ್ಚು.

ಅಲ್ಲಿಂದ ಮುಂದೆ ಕಾಗದಪತ್ರದ ಕಾಟ. ಪ್ರತಿ ರಿಪೇರಿಗೂ ಒಂದು ನಮೂನೆ ತುಂಬಬೇಕು. ಮಗುವಿನ ಹೆಸರು, ತರಗತಿ, ಆಮೇಲೆ ಕಾರಣ. ಕಾರಣಕ್ಕೆ ಮೂರೇ ಖಾನೆ: ಬಿದ್ದಿದೆ, ನೀರು ತಗುಲಿದೆ, ಅಜಾಗರೂಕತೆ. ಕೆಳಗೆ ರಿಪೇರಿಯವರ ಮುದ್ರೆ. ಇಲ್ಲಿ ಸಹಿಯ ಬದಲು ಎಲ್ಲರೂ ಒತ್ತುವುದು ತಮ್ಮ ಹೆಸರು ಕೆತ್ತಿದ ಮುದ್ರೆಯನ್ನೇ. ತನ್ನಷ್ಟಕ್ಕೆ ತಾನೇ ಬಾಗಿದ್ದಕ್ಕೆ ಖಾನೆ ಇಲ್ಲ. ಬೀಳದೆ, ನೆನೆಯದೆ ಕೆಟ್ಟದ್ದೆಲ್ಲ ಅಜಾಗರೂಕತೆಯೇ. ಒಂದೇ ವರ್ಷದಲ್ಲಿ ಮೂರು ಸಲ ಅಜಾಗರೂಕತೆ ಬಿದ್ದರೆ ಆ ಮಗುವಿನ ಮನೆಗೆ ಪತ್ರ ಹೋಗುತ್ತದೆ, ಟ್ಯಾಬ್ ಮನೆಗೆ ಒಯ್ಯುವುದು ನಿಲ್ಲುತ್ತದೆ.

ಮಿತ್ಸುಯೊ ಒಂದೂವರೆ ವರ್ಷ ಆ ಖಾನೆಗೇ ಟಿಕ್ ಹಾಕಿ ಮುದ್ರೆ ಒತ್ತಿದರು. ಅದನ್ನು ಮುಚ್ಚಿಡುವುದಿಲ್ಲ. "ಒತ್ತಿದೆ. ಕೈಯಲ್ಲಿ ಎಂಟು ಟ್ಯಾಬು, ಗಡಿಯಾರ ನೋಡ್ಕೊಂಡು ಓಡೋ ಕೆಲಸ. ಹಾಕು ಟಿಕ್ಕು, ಒತ್ತು ಮುದ್ರೆ, ಮುಗೀತು."

ಒಂದು ವಿಷಯ ಮಾತ್ರ ಅವರನ್ನು ಕೊರೆಯುತ್ತಲೇ ಇತ್ತು. ಬಾಗಿದ ಟ್ಯಾಬುಗಳೆಲ್ಲ ಒಂದೇ ರೀತಿ ಬಾಗಿರುತ್ತಿದ್ದವು: ನಟ್ಟನಡುವೆ, ಸ್ವಲ್ಪ ತಿರುಚಿಕೊಂಡು. ಬಿದ್ದ ಟ್ಯಾಬ್ ಹಾಗೆ ಬಾಗುವುದಿಲ್ಲ, ಅದು ಮೂಲೆ ಒಡೆದುಕೊಳ್ಳುತ್ತದೆ. ಬಿದ್ದವುಗಳ ಲೆಕ್ಕ ಕಳೆದ ವರ್ಷ ಅರ್ಧಕ್ಕೆ ಇಳಿದಿತ್ತು. 'ಬೀಳಿಸಬೇಡಿ' ಎಂಬ ತನ್ನ ಆಂದೋಲನದ ಫಲ ಅದು ಎಂದು ಮಂಡಳಿ ಬೀಗುತ್ತಿತ್ತು.

ಗುಟ್ಟು ಗೊತ್ತಾಗಿದ್ದು ಈ ಜೂನ್‌ನಲ್ಲಿ. ಅವತ್ತು ವ್ಯಾನಿನ ಗಾಲಿ ಪಂಕ್ಚರಾಗಿ, ಬಂದರಿನ ಬಳಿಯ ಶಾಲೆಗೆ ತಲುಪುವಾಗ ತರಗತಿ ಶುರುವಾಗಿತ್ತು. ಎಂದಿನಂತೆ ಶಿಕ್ಷಕರ ಕೋಣೆಯಿಂದ ಎತ್ತಿಕೊಂಡು ಹೋಗುವಂತಿರಲಿಲ್ಲ. ನೇರ ನಾಲ್ಕನೆಯ ತರಗತಿಗೇ ಹೋದರು. ನಾತ್ಸುಮೆ ಎಂಬ ಹುಡುಗಿ ಎದ್ದು ಬಂದು, ಎರಡೂ ಕೈಯಲ್ಲಿ ಟ್ಯಾಬ್ ಹಿಡಿದು, ಸೊಂಟ ಬಗ್ಗಿಸಿ "ತಪ್ಪಾಯ್ತು, ಕ್ಷಮಿಸಿ" ಎಂದಳು. ಅದು ಅವಳ ಮೂರನೆಯ ಸಲ.

"ಬೀಳಿಸಿದ್ಯಾ ಪುಟ್ಟಿ?"

"ಇಲ್ಲ ಒಬಾಚಾನ್." ಹಿರಿಯ ಹೆಂಗಸರನ್ನು ಇಲ್ಲಿನ ಮಕ್ಕಳು ಕರೆಯುವುದು ಹಾಗೆ.

"ಮತ್ತೇನು ಮಾಡ್ದೆ?"

"ಏನೂ ಮಾಡಿಲ್ಲ. ಭದ್ರವಾಗಿ ಇಟ್ಟಿದ್ದೆ."

"ಎಲ್ಲಿ ಇಟ್ಟಿದ್ದೆ? ತೋರ್ಸು ನೋಡಣ."

ನಾತ್ಸುಮೆ ತನ್ನ ಕುರ್ಚಿ ತೋರಿಸಿದಳು. ಈ ಕರಾವಳಿಯಲ್ಲಿ ಪ್ರತಿ ಮಗುವಿಗೂ ಹತ್ತಿ ತುಂಬಿದ ಭೂಕಂಪದ ಕುಲಾವಿ ಇರುತ್ತದೆ. ನೆಲ ನಡುಗಿದ ಕೂಡಲೇ ತಲೆಗೆ ಹಾಕಿಕೊಳ್ಳಬೇಕು. ನಡುಗದ ದಿನಗಳಲ್ಲಿ ಅದನ್ನೇ ಮಡಚಿ ಕುರ್ಚಿಯ ಮೇಲೆ ಮೆತ್ತೆಯಾಗಿ ಹಾಸಿಕೊಂಡು ಕೂರುತ್ತಾರೆ. ಮಡಚಿದ ಕುಲಾವಿ ಒಂದು ಚೀಲವಿದ್ದಂತೆ. ಹಳೆಯ ದಪ್ಪ ಟ್ಯಾಬ್ ಅದರೊಳಗೆ ಹೋಗುತ್ತಿರಲಿಲ್ಲ. ಹೊಸದು ಅಳತೆ ಕೊಟ್ಟು ಮಾಡಿಸಿದ ಹಾಗೆ ಜಾರಿ ಕೂರುತ್ತದೆ, ಮೇಲೆ ಕೂತವರಿಗೆ ಇದೆಯೆಂದೇ ತಿಳಿಯುವುದಿಲ್ಲ.

"ಇದು ತಲೆ ಕಾಪಾಡತ್ತೆ ಅಲ್ವಾ ಒಬಾಚಾನ್? ಅದಕ್ಕೇ ಟ್ಯಾಬನ್ನೂ ಕಾಪಾಡತ್ತೆ ಅಂತ ಇಟ್ಟೆ. ಇಲ್ಲಿಂದ ಬೀಳೋದೂ ಇಲ್ಲ."

"ಬೀಳಲ್ಲ, ಸರಿ. ಮೇಲೆ ಯಾರಮ್ಮಾ ಕೂರೋದು?"

ನಾತ್ಸುಮೆ ಸ್ವಲ್ಪ ಯೋಚಿಸಿ, "ನಾನೇ" ಎಂದಳು. ತರಗತಿಯೆಲ್ಲ ನಕ್ಕಿತು. ಶಿಕ್ಷಕ ಕಟಾಹಿರ ಅವರ ಮುಖ ಬಿಳಚಿಕೊಂಡಿತು. ಎಲ್ಲರೂ ಎದ್ದು ಕುಲಾವಿ ಬಿಚ್ಚಿ ಎಂದರು. ಇಪ್ಪತ್ತೆಂಟು ಮಕ್ಕಳಲ್ಲಿ ಹತ್ತೊಂಬತ್ತು ಮಕ್ಕಳ ಕುಲಾವಿಯಿಂದ ಟ್ಯಾಬ್ ಹೊರಬಂತು. ಮೇಜಿನ ಖಾನೆ ಪುಸ್ತಕಗಳಿಂದ ತುಂಬಿದೆ. ಭೂಕಂಪದ ಭಯಕ್ಕೆ ಮೇಜಿನ ಮೇಲೆ ಏನೂ ಇರಬಾರದು. 'ಬೀಳಿಸಬೇಡಿ' ಎಂದು ಗೋಡೆಯ ಮೇಲೆ ದೊಡ್ಡ ಚಿತ್ರವಿದೆ. ಎರಡೂ ಮಾತನ್ನು ಚಾಚೂತಪ್ಪದೆ ಪಾಲಿಸಿದ ಮಕ್ಕಳಿಗೆ ಉಳಿದಿದ್ದ ಜಾಗ ಅದೊಂದೇ.

ಮಿತ್ಸುಯೊಗೆ ನಗು ಬಂತು. ಆಮೇಲೆ ಕೈಯಲ್ಲಿದ್ದ ನಮೂನೆಯ ನೆನಪಾಗಿ ನಗು ನಿಂತಿತು. ಬಾಗಿಲ ಬಳಿ ನಾತ್ಸುಮೆಯನ್ನು ಕರೆದು ಮೆಲ್ಲಗೆ ಕೇಳಿದರು. "ತಪ್ಪು ನಿಂದಲ್ವಲ್ಲ. ನೀನು ಅಷ್ಟು ಜೋಪಾನ ಮಾಡಿದೀಯ. ಮತ್ಯಾಕೆ ತಪ್ಪಾಯ್ತು ಅಂದೆ?"

"ಅಂದ್ಬಿಟ್ರೆ ಬೇಗ ಮುಗಿಯತ್ತೆ ಒಬಾಚಾನ್."

ಈ ಮಾತು ಹೇಳುವಾಗ ಮಿತ್ಸುಯೊ ಇವತ್ತಿಗೂ ಕೈಯಲ್ಲಿರುವ ಕೆಲಸ ಬದಿಗಿಡುತ್ತಾರೆ. "ವ್ಯಾನಲ್ಲಿ ಕೂತು ಕೀಲಿ ತಿರುಗಿಸೋಕೆ ಆಗ್ಲಿಲ್ಲ ನಂಗೆ. ಒಂಬತ್ತು ವರ್ಷದ ಮಗು ಕಣ್ರೀ! ಆ ವಿದ್ಯೆ ಕಲಿಸಿದ್ದು ಯಾರು? ನಾವು. ನಾನೂ ಸೇರಿ. ನಾನು ಮುದ್ರೆ ಒತ್ತುತಾ ಇದ್ದದ್ದೂ ಬೇಗ ಮುಗೀಲಿ ಅಂತಾನೇ ಅಲ್ವಾ? ನಾಚಿಕೆ ಆಯ್ತು. ತುಂಬಾ ನಾಚಿಕೆ ಆಯ್ತು."

ಅವತ್ತಿನ ನಮೂನೆಯಲ್ಲಿ ಅವರು 'ಅಜಾಗರೂಕತೆ' ಎಂಬುದನ್ನು ಹೊಡೆದು, ಪಕ್ಕದಲ್ಲಿ 'ಅತಿ ಜಾಗರೂಕತೆ' ಎಂದು ಬರೆದು ಕಳಿಸಿದರು. ಮೂರನೆಯ ದಿನ ಅದು ವಾಪಸು ಬಂತು. ನಮೂನೆಯಲ್ಲಿ ಇಲ್ಲದ ಕಾರಣ ಬರೆಯುವಂತಿಲ್ಲ ಎಂದು ಚೀಟಿ ಅಂಟಿಸಿತ್ತು. ಮತ್ತೆ ಅಜಾಗರೂಕತೆಗೇ ಟಿಕ್ ಹಾಕಿ ಮುದ್ರೆ ಒತ್ತಬೇಕಾಯಿತು, ನಾತ್ಸುಮೆ ಟ್ಯಾಬ್ ಮನೆಗೆ ಒಯ್ಯುವುದು ನಿಂತಿತು. ಜೊತೆಗೆ ಎಲ್ಲ ಶಾಲೆಗಳಿಗೂ ಒಂದು ಸುತ್ತೋಲೆ: ಕುಲಾವಿಯೊಳಗೆ ಟ್ಯಾಬ್ ಇಡಬಾರದು. ಮಕ್ಕಳು ಮರುದಿನದಿಂದಲೇ ಪಾಲಿಸಿದರು. ಟ್ಯಾಬ್ ಬೆನ್ನಚೀಲ ಸೇರಿತು. ಅಲ್ಲಿ ಪುಸ್ತಕಗಳ ನಡುವೆ, ಸಂಗೀತದ ತರಗತಿಯ ಪ್ಲಾಸ್ಟಿಕ್ ಕೊಳಲಿಗೆ ಒರಗಿ ಬಾಗತೊಡಗಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿದವು ನೂರ ನಲವತ್ತಮೂರು. ಕೆಳಗಿನ ತರಗತಿಗಳ ಹಳೆಯ ದಪ್ಪ ಟ್ಯಾಬುಗಳಲ್ಲಿ ಬಾಗಿದ್ದು ಒಂದೂ ಇಲ್ಲ.

ಅಕ್ಟೋಬರ್‌ನಲ್ಲಿ ಮಂಡಳಿಯ ಮಾಕಿನೊ ಅರ್ಧ ವರ್ಷದ ವರದಿ ಹಿಡಿದು ಬಂದರು. ಮೂವತ್ತೆಂಟರ ಸಭ್ಯ ಮನುಷ್ಯ. ಮಾತಿಗೊಮ್ಮೆ ತಲೆ ಬಾಗಿಸುತ್ತಾರೆ. ವರದಿಯ ಸಾರ ಒಂದೇ ಸಾಲು: 'ಹಾನಿಗೆ ಮುಖ್ಯ ಕಾರಣ ಮಕ್ಕಳ ಅಜಾಗರೂಕತೆ, ಹೊಸ ಮಾದರಿಯ ಆಯ್ಕೆಗೆ ಅಡ್ಡಿಯಿಲ್ಲ.' ಅದರ ಕೆಳಗೆ ಮಿತ್ಸುಯೊ ಮುದ್ರೆ ಬಿದ್ದರೆ, ಟ್ಯಾಬ್ ಆರಿಸುವ ಸಮಿತಿಯ ಮುಂದೆ ಹೋಗುತ್ತದೆ.

"ಉನ್ನೊ ಸಾನ್, ಇಲ್ಲೊಂದು ಮುದ್ರೆ, ದಯವಿಟ್ಟು."

"ಒತ್ತಲ್ಲ."

"ಇದು ಬರೀ ಔಪಚಾರಿಕ, ಉನ್ನೊ ಸಾನ್."

"ಔಪಚಾರಿಕ ಆದ್ರೆ ನನ್ನ ಮುದ್ರೆ ಇಲ್ಲದೇನೂ ನಡೆಯತ್ತೆ. ನಡೆಸ್ಕೊಳ್ಳಿ."

ಮಾಕಿನೊ ನಾಲ್ಕು ಸಲ ಬಂದರು. ಎರಡನೆಯ ಸಲ ಕಿತ್ತಳೆ ತಂದರು. ಮೂರನೆಯ ಸಲ, ಮಾರ್ಚ್‌ನಲ್ಲಿ ಕರಾರು ಹೊಸದಾಗುವ ವಿಷಯವನ್ನು ಹವಾಮಾನದ ಮಾತಾಡಿದಷ್ಟು ಹಗುರವಾಗಿ ಎತ್ತಿದರು. ಆ ರಾತ್ರಿ ಮಿತ್ಸುಯೊಗೆ ನಿದ್ದೆ ಹತ್ತಲಿಲ್ಲ. ಅರವತ್ತಮೂರರಲ್ಲಿ ಇನ್ನೊಂದು ಕೆಲಸ ಯಾರು ಕೊಡುತ್ತಾರೆ? ಮೀನುಗಾರರ ಸಂಘದಲ್ಲಿ ಸಣ್ಣ ಮೀನು ಒಣಹಾಕುವ ಗಂಡನಿಗೆ ಮಾತ್ರ ಇದೆಲ್ಲ ತಮಾಷೆ. "ಬೀದಿ ಸಂಘದೋರು ಮನೆಯಿಂದ ಮನೆಗೆ ದಾಟಿಸೋ ಸುತ್ತೋಲೆ ಹಲಗೆ ಬಂದ್ರೆ ಅದಕ್ಕೂ ಮುದ್ರೆ ಒತ್ತದೆ, ಎರಡೆರಡು ಸಲ ಓದಿ, ವಾರ ಇಟ್ಕೊಳ್ತಾಳೆ ಇವಳು. ಪಕ್ಕದ ಮನೆಯೋರು ಬಂದು ಬಾಗಿಲು ತಟ್ಟಬೇಕು" ಎಂದು ಆತ ನಗುತ್ತಾರೆ.

ಕೊನೆಗೆ ವರದಿ ಮುದ್ರೆಯಿಲ್ಲದೆಯೇ ಸಮಿತಿಗೆ ಹೋಯಿತು. ಹನ್ನೊಂದು ಜನರ ಸಮಿತಿ. ನಲವತ್ತು ಪುಟದ ಅಂಕಿಅಂಶಗಳ ಬಗ್ಗೆ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಕೊನೆಯ ಪುಟದ ಬಲಮೂಲೆಯ ಖಾಲಿ ಚೌಕ ಮಾತ್ರ ಎಲ್ಲರ ಕಣ್ಣಿಗೂ ಬಿತ್ತು. ಇಲ್ಲಿ ಮುದ್ರೆ ಯಾಕಿಲ್ಲ ಎಂದು ಅಧ್ಯಕ್ಷರು ಕೇಳಿದರು. ರಿಪೇರಿಯವರು ಒತ್ತಲು ಒಪ್ಪಲಿಲ್ಲ ಎಂದರು ಮಾಕಿನೊ. ಮುಂದಿನ ಸಭೆಗೆ ಆ ರಿಪೇರಿಯವರನ್ನೇ ಕರೆಸಿ ಎಂದಾಯಿತು. ಎರಡು ವರ್ಷದಲ್ಲಿ ನೂರಾರು ಮುದ್ರೆಗಳಿಂದ ಆಗದ ಕೆಲಸ ಒಂದು ಖಾಲಿ ಚೌಕದಿಂದ ಆಯಿತು. ಇದಕ್ಕೆ ಅಳಬೇಕೋ ನಗಬೇಕೋ ಮಿತ್ಸುಯೊಗೆ ಇನ್ನೂ ತಿಳಿದಿಲ್ಲ.

ಸಭೆಗೆ ಅವರು ಹೋದದ್ದು ಏಪ್ರನ್‌ನಲ್ಲೇ. ಜೊತೆಗೆ ಶಾಲೆಯ ಒಂದು ಪುಟ್ಟ ಕುರ್ಚಿ, ಒಂದು ಕುಲಾವಿ, ಐದು ಮಿಲಿಮೀಟರಿನ ಮಾದರಿ ಟ್ಯಾಬ್, ತಳ್ಳುಗಾಡಿಯಲ್ಲಿ ಮೂವತ್ತು ಕಿಲೋದ ಕಂದು ಅಕ್ಕಿಯ ಮೂಟೆ. ನಾಲ್ಕನೆಯ ತರಗತಿಯ ಮಗುವಿನ ತೂಕವೂ ಹೆಚ್ಚುಕಡಿಮೆ ಅಷ್ಟೇ. ಟ್ಯಾಬನ್ನು ಕುಲಾವಿಯೊಳಗೆ ಇಟ್ಟು, ಕುಲಾವಿಯನ್ನು ಕುರ್ಚಿಗೆ ಹಾಸಿ, "ಮಾಕಿನೊ ಸಾನ್, ಮೂಟೆಯನ್ನ ಸ್ವಲ್ಪ ಕೂರಿಸ್ತೀರಾ? ಮೆಲ್ಲಗೆ" ಎಂದರು.

ಮಾಕಿನೊ ಕೂರಿಸಿದರು.

"ಈಗ ಎಬ್ಬಿಸಿ. ಮತ್ತೆ ಕೂರಿಸಿ. ಮಕ್ಕಳು ದಿನಕ್ಕೆ ನಲವತ್ತು ಸಲ ಕೂತು ಏಳ್ತಾರೆ. ನಾವು ಅರ್ಧಾನಾದ್ರೂ ನೋಡಣ."

ಮಾಕಿನೊ ಕೋಟು ಕಳಚಿದರು. ಎಂಟನೆಯ ಸಲಕ್ಕೆ ಟೈ ಸಡಿಲಿಸಿದರು. ಪೋಷಕರ ಸಂಘದ ಪ್ರತಿನಿಧಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಹದಿನಾಲ್ಕನೆಯ ಸಲ ಮೂಟೆ ಕೂತಾಗ ಕುಲಾವಿಯೊಳಗಿಂದ 'ಚಟ್' ಎಂಬ ಸದ್ದು ಕೇಳಿಸಿತು. ಮಿತ್ಸುಯೊ ಟ್ಯಾಬನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಬಾಗಿದ್ದು ನೋಡಲು ಕಾಗದದ ಪಟ್ಟಿ ಬೇಕಾಗಲಿಲ್ಲ.

"ಈಗ ನಮೂನೆ ತುಂಬ್ಬೇಕು" ಎಂದು ಅವರು ಪೆನ್ನು ತೆಗೆದರು. "ಬಿದ್ದಿಲ್ಲ. ನೆಂದಿಲ್ಲ. ಈ ಅಕ್ಕಿ ಮೂಟೆ ಅಜಾಗರೂಕತೆ ಮಾಡ್ತು ಅಂತ ಬರೀಲಾ? ಮೂಟೆ ಮನೆಗೆ ಪತ್ರ ಕಳಿಸ್ತೀರಾ?"

ಪೋಷಕರ ಪ್ರತಿನಿಧಿಗೂ ತಮ್ಮದೊಂದು ನೋವಿತ್ತು. ದಪ್ಪ ಮಾದರಿ ಇನ್ನೂರ ಎಂಬತ್ತು ಗ್ರಾಂ ಹೆಚ್ಚು ತೂಗುತ್ತದೆ, ಮಕ್ಕಳ ಬೆನ್ನು ಈಗಾಗಲೇ ಬಾಗಿದೆ ಎಂದರು. ಮಿತ್ಸುಯೊ ಅದನ್ನು ತಳ್ಳಿಹಾಕಲಿಲ್ಲ. "ನಿಜ ಕಣಮ್ಮಾ. ಆದ್ರೆ ಆ ಭಾರ ಇಳಿಸ್ಬೇಕಾದ್ರೆ ನಾಲ್ಕು ಪುಸ್ತಕ ಶಾಲೇಲೇ ಇಟ್ಟು ಬರಲಿ. ಅದಕ್ಕೆ ಯಾವ ಹೊಸ ಯಂತ್ರಾನೂ ಬೇಡ."

ಮತಕ್ಕೆ ಹಾಕಿದಾಗ ರಬ್ಬರಂಚಿನ ದಪ್ಪ ಮಾದರಿಗೆ ಏಳು, ತೆಳುವಿನದಕ್ಕೆ ನಾಲ್ಕು ಬಂತು. ಹೊಸ ಟ್ಯಾಬಿನ ಹಿಂದೆ ಎಂಟು ಸ್ಕ್ರೂ ಇವೆ. ಪತ್ರಿಕೆಗೆ ಹೋದ ಪ್ರಕಟಣೆಯಲ್ಲಿ ಸಮಿತಿಯ ದೂರದೃಷ್ಟಿಯ ಮಾತು ಬಂತು. ಮಿತ್ಸುಯೊ ಹೆಸರಿಲ್ಲ, ಮೂಟೆಯ ಸುದ್ದಿಯೂ ಇಲ್ಲ. ನಮೂನೆಯಲ್ಲಿ ನಾಲ್ಕನೆಯ ಖಾನೆಯೂ ಬಂದಿಲ್ಲ. ಅದನ್ನು ಬದಲಿಸಲು ಬೇರೊಂದು ಸಮಿತಿ ಆಗಬೇಕಂತೆ. ಮಾರ್ಚ್‌ನ ಕರಾರಿನ ಬಗ್ಗೆ ಮಾಕಿನೊ ಈಗ ಏನೂ ಹೇಳುತ್ತಿಲ್ಲ.

ಈ ಚಳಿಗಾಲದ ಬೆಳಗುಗಳಲ್ಲಿ ಮಿತ್ಸುಯೊ ಅರ್ಧ ಗಂಟೆ ಮುಂಚೆ ಬರುತ್ತಾರೆ. ಬಿಸಿನೀರ ಚೀಲದ ಮೇಲೆ ಮೊದಲ ಟ್ಯಾಬ್ ಮಲಗಿಸಿ, ಕಪಾಟಿನಿಂದ ಹಳೆಯ ನಮೂನೆಗಳ ಕಟ್ಟು ತೆಗೆಯುತ್ತಾರೆ. ಒಂದೊಂದರಲ್ಲೂ 'ಅಜಾಗರೂಕತೆ'ಯ ಟಿಕ್ಕಿನ ಮೇಲೆ ಎರಡು ಗೆರೆ ಎಳೆದು, ಗೆರೆಯ ಮೇಲೆ ತಿದ್ದುಪಡಿಯ ಸಣ್ಣ ಮುದ್ರೆ ಒತ್ತಿ, ಷರಾ ಜಾಗದಲ್ಲಿ ಬರೆಯುತ್ತಾರೆ: 'ಟ್ಯಾಬ್ ಬಾಗಿತು. ಮಗು ಜಾಗರೂಕತೆಯಿಂದ ಇಟ್ಟಿತ್ತು.' ಯಾರೂ ಹೇಳಿದ ಕೆಲಸವಲ್ಲ, ಸಂಬಳದಲ್ಲಿ ಸೇರಿಲ್ಲ. ಮೊದಲು ತಿದ್ದಿದ್ದು ನಾತ್ಸುಮೆಯ ಮೂರು. ಗೆರೆ ಎಳೆದು ಮುದ್ರೆ ಒತ್ತಿದ ತಿದ್ದುಪಡಿಗೆ ಮಂಡಳಿಯ ನಿಯಮದಲ್ಲಿ ಪೂರ್ತಿ ಮಾನ್ಯತೆ ಇದೆ. ಮಾಕಿನೊ ಆ ಮೂರು ಹಾಳೆಗಳನ್ನು ನೋಡಿ ಶಾಲೆಗೆ ಫೋನ್ ಮಾಡಿದರು. ಆ ಸೋಮವಾರ ನಾತ್ಸುಮೆ ಟ್ಯಾಬ್ ಮನೆಗೆ ಒಯ್ದಳು.

ಅರವತ್ತೊಂದು ಹಾಳೆ ಮುಗಿದಿವೆ. ಮಾರ್ಚ್‌ವರೆಗೆ ಈ ಕೋಣೆಯ ಕೀಲಿ ನನ್ನ ಕೈಯಲ್ಲೇ ಇರಲಿ, ಕಟ್ಟು ಮುಗಿಸಿಬಿಡುತ್ತೇನೆ ಎನ್ನುವುದೊಂದೇ ಅವರ ಕೋರಿಕೆ. ಉಳಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಬಿದ್ದಿದ್ದು ಒಂದೊಂದೇ ಟಿಕ್ಕು, ಯಾವ ಶಿಕ್ಷೆಯೂ ಇಲ್ಲ. ತಿದ್ದಿದರೂ ತಿದ್ದದಿದ್ದರೂ ಅವರಿಗೆ ತಿಳಿಯುವುದೂ ಇಲ್ಲ. ಮತ್ತೇಕೆ ಈ ಕಷ್ಟ ಎಂದರೆ ಮಿತ್ಸುಯೊ ಸಿಡುಕುತ್ತಾರೆ.

"ಇನ್ಯಾರೂ ಈ ಕಟ್ಟು ಬಿಚ್ಚಿ ನೋಡಲ್ಲ ಅಂತ ನಂಗೆ ಗೊತ್ತಿಲ್ವಾ? ಮೇಲಿರೋದು ಮಕ್ಕಳ ಹೆಸರು ಕಣ್ರೀ. ಕೆಳಗಿರೋದು ನಂದು."